ಮಕ್ಕಳ ಕಳವಿಗೆ ಹೆತ್ತವರ ಮೇಲೆ ತಗಾದೆ: ವರ್ತಕರು ತಿಳಿಯಬೇಕಾದ ಕಾನೂನು

ಗಿರಾಕಿಯು ತಾನೇ ಕೈಯಿಟ್ಟು ಸರಕನ್ನು ಆರಿಸಿಕೊಳ್ಳುವ ಪದ್ಧತಿ ಸಣ್ಣ ಊರುಗಳ ಅಂಗಡಿಗಳಿಗೂ ಬಂದಿದೆ. ಇದರಿಂದ ವ್ಯಾಪಾರ ಬೆಳೆದಿದೆ. ಜೊತೆಗೆ ಕಳವಿನ ಅವಕಾಶವೂ ಬೆಳೆದಿದೆ. ರೂ. 100 ಬೆಲೆಯ ಒಂದು ವಸ್ತುವಿನಲ್ಲಿ ವರ್ತಕನಿಗೆ ಉಳಿಯುವುದು ರೂ. 10 ಎಂದಾದರೆ, ಅಂತಹ ಒಂದು ವಸ್ತು ಕಳುವಾದಾಗ ಹೋದ ಅಸಲು ರೂ. 90ನ್ನು ತುಂಬಿಕೊಳ್ಳಲು ಇನ್ನೂ ಒಂಬತ್ತು ವಸ್ತುಗಳನ್ನು ಮಾರಬೇಕಾಗುತ್ತದೆ. ಆದುದರಿಂದ ವರ್ತಕನ ಸಿಟ್ಟು ಸಹಜವಾದುದು. ಆದರೆ ಸಿಕ್ಕಿಬಿದ್ದವನು ಶಾಲಾ ಬಾಲಕನಾಗಿದ್ದರೆ ಆ ಸಿಟ್ಟಿನಲ್ಲಿ ಇಡುವ ಹೆಜ್ಜೆ ವರ್ತಕನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಹುದು. ಹೆತ್ತವರನ್ನು ಕರೆಸಿ ವಸ್ತುವಿನ ಬೆಲೆಯ ಹಲವು ಪಟ್ಟು ಹಣ ಕೇಳುವುದು ಅಂತಹ ಒಂದು ಹೆಜ್ಜೆ. ‘ಅಮೆರಿಕದಲ್ಲಿ ಹೀಗೆಯೇ ವಸೂಲು ಮಾಡುತ್ತಾರೆ’ ಎಂಬ ಮಾತೂ ವರ್ತಕರ ನಡುವೆ ಕೇಳಿಬರುತ್ತದೆ. ಅಲ್ಲಿ ನಡೆಯುವುದೇನು, ಅದು ಇಲ್ಲಿ ಏಕೆ ಸಲ್ಲದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಮೆರಿಕದ ತಗಾದೆ ಪತ್ರ

ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲಿ ಅಂಗಡಿ ಕಳವಿನ ಬಗ್ಗೆ ಪ್ರತ್ಯೇಕ ಸಿವಿಲ್ ಪರಿಹಾರದ ಕಾನೂನುಗಳಿವೆ. ಕಳವು ಮಾಡಿದವನು ಅಪ್ರಾಪ್ತವಯಸ್ಕನಾಗಿದ್ದರೆ ಅಂಗಡಿಯ ಪರವಾಗಿ ವಕೀಲರಾಗಲಿ ವಸೂಲಿ ಸಂಸ್ಥೆಯಾಗಲಿ ಅವನ ತಂದೆ ತಾಯಿಗೆ ಪತ್ರ ಬರೆದು ನಿರ್ದಿಷ್ಟ ಮೊತ್ತವನ್ನು ಕೇಳುತ್ತಾರೆ. ಕ್ಯಾಲಿಫೋರ್ನಿಯದ ಕಾನೂನಿನಂತೆ ಈ ಮೊತ್ತ 50 ಡಾಲರಿಗೆ ಕಡಿಮೆಯಿಲ್ಲದೆ 500 ಡಾಲರಿಗೆ ಮೀರದೆ ಇರಬೇಕು. ಸರಕು ಮಾರಾಟಕ್ಕೆ ಯೋಗ್ಯವಾದ ಸ್ಥಿತಿಯಲ್ಲಿ ಹಿಂದಿರುಗದಿದ್ದರೆ ಅದರ ಬೆಲೆಯೂ ಸೇರುತ್ತದೆ. ನ್ಯೂಯಾರ್ಕಿನಲ್ಲಿ ದಂಡದ ಭಾಗವನ್ನು ಸರಕಿನ ಬೆಲೆಯ ಐದು ಪಟ್ಟು ಅಥವಾ 75 ಡಾಲರ್, ಇವೆರಡರಲ್ಲಿ ಹೆಚ್ಚಿನದಕ್ಕೆ ಮಿತಿಗೊಳಿಸಲಾಗಿದೆ. ಅದೂ 500 ಡಾಲರನ್ನು ದಾಟುವಂತಿಲ್ಲ.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹೆತ್ತವರ ಹೊಣೆಯನ್ನೂ ಮೊತ್ತದ ಮಿತಿಯನ್ನೂ ಶಾಸನವೇ ಗೊತ್ತುಪಡಿಸಿದೆ. ಅಂಗಡಿಯವನ ಇಚ್ಛೆಗೆ ಬಿಟ್ಟಿಲ್ಲ. ಎರಡನೆಯದಾಗಿ, ಪತ್ರವು ನ್ಯಾಯಾಲಯದ ಆದೇಶವಲ್ಲ. ಹಣ ಬಾರದಿದ್ದರೆ ಅಂಗಡಿಯು ದಾವೆ ಹೂಡಿ ಗೆಲ್ಲಬೇಕು. ಮೂರನೆಯದಾಗಿ, ಹಣ ಕಟ್ಟಿದ ಮಾತ್ರಕ್ಕೆ ಕ್ರಿಮಿನಲ್ ಮೊಕದ್ದಮೆ ತಾನಾಗಿ ರದ್ದಾಗುವುದಿಲ್ಲ. ಈ ಎಲ್ಲೆಯನ್ನು ಮೀರಿದವರಿಗೆ ಅಲ್ಲಿಯೂ ಪೆಟ್ಟು ಬಿದ್ದಿದೆ. ಸಿಕ್ಕಿಬಿದ್ದವರಿಂದ ಪೊಲೀಸ್ ದೂರಿನ ಭಯ ತೋರಿಸಿ ‘ತಿದ್ದುಪಡಿ ಶಿಕ್ಷಣ’ದ ಹೆಸರಿನಲ್ಲಿ ನೂರಾರು ಡಾಲರ್ ಪಡೆಯುತ್ತಿದ್ದ ಖಾಸಗಿ ಕಂಪನಿಯೊಂದರ ವ್ಯವಹಾರವು ಸುಲಿಗೆಗೆ ಸಮಾನವೆಂದು 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯವು ತೀರ್ಮಾನಿಸಿತು.

ಶಾಸನವಿಲ್ಲದೆಡೆ ಪತ್ರದ ಗತಿ

ಅಂತಹ ಶಾಸನದ ಬೆಂಬಲವಿಲ್ಲದ ಕಡೆ ಇದೇ ಪತ್ರ ಏನಾಗುತ್ತದೆ ಎಂಬುದಕ್ಕೆ ಎರಡು ತೀರ್ಪುಗಳು ಉತ್ತರ ನೀಡುತ್ತವೆ. ಕೆನಡಾದ ಮನಿಟೋಬ ಪ್ರಾಂತದಲ್ಲಿ ಜೆಲ್ಲರ್ಸ್ ಎಂಬ ಮಳಿಗೆಯಲ್ಲಿ ಹದಿಹರೆಯದ ಬಾಲಕನೊಬ್ಬ ಕಳವು ಮಾಡಿ ಸಿಕ್ಕಿಬಿದ್ದನು. ಸರಕು ಮಳಿಗೆಗೆ ಹಿಂದಿರುಗಿತು. ಆದರೂ ಮಳಿಗೆಯ ವಕೀಲರು ಬಾಲಕನ ತಾಯಿಗೆ ಪತ್ರ ಬರೆದು 225 ಡಾಲರ್ ಕೇಳಿದರು. ಆಕೆ ಹಣ ಕಟ್ಟಿದರು. ಅನಂತರ ಅದನ್ನು ಮರಳಿ ಕೊಡಿಸುವಂತೆ ನ್ಯಾಯಾಲಯದ ಮೊರೆಹೊಕ್ಕರು. 1996ರಲ್ಲಿ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತಿತು. ಹೆತ್ತವರೆಂಬ ಒಂದೇ ಕಾರಣಕ್ಕೆ ಮಕ್ಕಳ ತಪ್ಪಿಗೆ ಅವರು ಹೊಣೆಗಾರರಾಗುವುದಿಲ್ಲ, ಗೆಲ್ಲುವ ಸಾಧ್ಯತೆಯೇ ಇಲ್ಲದ ದಾವೆಯ ಬೆದರಿಕೆಯಿಂದ ಪಡೆದ ಹಣ ನಿಲ್ಲತಕ್ಕದ್ದಲ್ಲ ಎಂಬುದು ಅದರ ಸಾರಾಂಶ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಕೌಂಟಿ ನ್ಯಾಯಾಲಯದ ಮುಂದೆ 2012ರಲ್ಲಿ ಬಂದ ದಾವೆಯಲ್ಲಿ ಇಬ್ಬರು ಹದಿಹರೆಯದ ಹುಡುಗಿಯರಿಂದ 137.50 ಪೌಂಡ್ ಪರಿಹಾರ ಕೇಳಲಾಗಿತ್ತು. ಹುಡುಗಿಯರನ್ನು ಹಿಡಿಯಲು ಕಾವಲು ಸಿಬ್ಬಂದಿಯ ಸಮಯ ವ್ಯಯವಾಯಿತು ಎಂಬುದು ಅಂಗಡಿಯ ವಾದ. ಕಳ್ಳರನ್ನು ಹಿಡಿಯುವುದಕ್ಕೆಂದೇ ನೇಮಿಸಿದ ಸಿಬ್ಬಂದಿ ತಮ್ಮ ಕೆಲಸವನ್ನೇ ಮಾಡಿದ್ದಾರೆ, ಇದರಿಂದ ಅಂಗಡಿಗೆ ಹೆಚ್ಚಿನ ನಷ್ಟವಾಗಿಲ್ಲ ಎಂದು ಹೇಳಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಕಾವಲುಗಾರನ ಸಂಬಳವನ್ನೂ ಕ್ಯಾಮೆರಾದ ಖರ್ಚನ್ನೂ ಸಿಕ್ಕವನೊಬ್ಬನ ತಲೆಗೆ ಕಟ್ಟಲು ಹೊರಡುವವರು ಈ ತರ್ಕವನ್ನು ನೆನಪಿಡಬೇಕು.

ನಮ್ಮಲ್ಲಿನ ಸ್ಥಿತಿ

ನಮ್ಮ ಸಿವಿಲ್ ಕಾನೂನು ಇಂಗ್ಲೆಂಡಿನ ಅದೇ ಸಾಮಾನ್ಯ ಕಾನೂನಿನ ಬೇರಿನಿಂದ ಬಂದುದು. ಅಂಗಡಿ ಕಳವಿಗೆ ಇಷ್ಟು ದಂಡವನ್ನು ಹೆತ್ತವರಿಂದ ಪಡೆಯಬಹುದೆಂದು ವರ್ತಕನಿಗೆ ಅಧಿಕಾರ ಕೊಡುವ ಅಮೆರಿಕದ ಮಾದರಿಯ ಶಾಸನ ಭಾರತದಲ್ಲಿಲ್ಲ. ಹೀಗಿರುವಾಗ ಪೊಲೀಸರ ಹೆಸರು ಹೇಳಿ ಹೆದರಿಸಿ ಪಡೆದ ಹೆಚ್ಚುವರಿ ಹಣವು ಸುಲಿಗೆಯ ಆರೋಪಕ್ಕೆ ದಾರಿಮಾಡಿಕೊಡಬಹುದು. 1872ರ ಭಾರತೀಯ ಕರಾರು ಅಧಿನಿಯಮದ 72ನೆಯ ಪ್ರಕರಣದಂತೆ ತಪ್ಪು ತಿಳಿವಳಿಕೆಯಿಂದ ಅಥವಾ ಬಲವಂತದಿಂದ ಸಂದಾಯವಾದ ಹಣವನ್ನು ಪಡೆದವನು ಹಿಂದಿರುಗಿಸಬೇಕು. ಬಾಲಕನಿಂದ ಬರೆಸಿಕೊಂಡ ಸಾಲಪತ್ರಕ್ಕೂ ಬೆಲೆಯಿಲ್ಲ. ಅಪ್ರಾಪ್ತವಯಸ್ಕನ ಕರಾರು ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿಯೇ ಮೊಹೊರಿ ಬೀಬಿ ಪ್ರಕರಣದಲ್ಲಿ ನಿರ್ಣಯಿಸಿದೆ.

ಹದಿನೆಂಟು ತುಂಬದವರಿಗೆ 2015ರ ಬಾಲ ನ್ಯಾಯ ಅಧಿನಿಯಮ ಅನ್ವಯಿಸುತ್ತದೆ. ಅಂತಹ ಮಗುವನ್ನು ಪೊಲೀಸರು ಕೂಡ ಲಾಕಪ್ಪಿನಲ್ಲಿ ಇಡುವಂತಿಲ್ಲ. ಹೆತ್ತವರು ದಂಡ ಕಟ್ಟಬೇಕೆಂದು ಆದೇಶಿಸುವ ಅಧಿಕಾರ ಬಾಲ ನ್ಯಾಯ ಮಂಡಳಿಗೆ ಇದೆಯೇ ಹೊರತು ಅಂಗಡಿಯ ಮಾಲೀಕನಿಗಿಲ್ಲ. ಇದೇ ಅಧಿನಿಯಮದ 74ನೆಯ ಪ್ರಕರಣವು ವಿಚಾರಣೆಗೆ ಒಳಪಟ್ಟ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರಗಳ ಪ್ರಕಟಣೆಯನ್ನು ನಿಷೇಧಿಸುತ್ತದೆ; ತಪ್ಪಿದಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕ್ಯಾಮೆರಾದ ದೃಶ್ಯವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವ, ‘ಕಳ್ಳ’ನೆಂದು ಭಾವಚಿತ್ರ ಅಂಟಿಸುವ ಅಭ್ಯಾಸವುಳ್ಳವರು ಎಚ್ಚರ ವಹಿಸಬೇಕು.

ವರ್ತಕರು ಅನುಸರಿಸಬಹುದಾದ ಕ್ರಮ

1. ಸಂಶಯ ಬಂದೊಡನೆ ಕೈಹಾಕಬೇಡಿ. ಹಣ ಕಟ್ಟದೆ ಹೊರಟುದು ಖಚಿತವಾದ ಮೇಲೆ ಇಬ್ಬರು ವಯಸ್ಕ ಸಿಬ್ಬಂದಿಯ ಎದುರಿನಲ್ಲಿ ಸೌಮ್ಯವಾಗಿ ವಿಚಾರಿಸಿ. ಹುಡುಗಿಯಾಗಿದ್ದರೆ ಮಹಿಳಾ ಸಿಬ್ಬಂದಿ ಇರಲೇಬೇಕು.

2. ಹೊಡೆಯುವುದು, ಮೈ ತಡಕುವುದು, ಕೋಣೆಯಲ್ಲಿ ಕೂಡಿಹಾಕುವುದು ಬೇಡ. ಕೂಡಲೇ ಹೆತ್ತವರಿಗೆ ತಿಳಿಸಿ.

3. ಸರಕು ಕೆಡದೆ ಹಿಂದಿರುಗಿದರೆ ಅಲ್ಲಿಗೇ ನಿಲ್ಲಿಸಿ. ಕೆಟ್ಟಿದ್ದರೆ, ಹೆತ್ತವರು ತಾವಾಗಿ ಒಪ್ಪಿದಲ್ಲಿ, ಮುದ್ರಿತ ಬೆಲೆಯನ್ನು ಮಾತ್ರ ಪಡೆದು ಬಿಲ್ ಕೊಡಿ. ಬಿಲ್ ಹಾಕಲಾಗದ ಮೊತ್ತವನ್ನು ಕೇಳಲೂ ಬಾರದು ಎಂಬುದನ್ನೇ ನಿಯಮವಾಗಿಟ್ಟುಕೊಳ್ಳಿ.

4. ದಿನಾಂಕ, ವೇಳೆ, ವಸ್ತು, ಹಾಜರಿದ್ದವರ ಹೆಸರುಗಳನ್ನು ಅಂಗಡಿಯ ಪುಸ್ತಕದಲ್ಲಿ ಬರೆದಿಡಿ. ಕ್ಯಾಮೆರಾದ ದೃಶ್ಯವನ್ನು ಕಾಪಾಡಿ.

5. ಕಳವು ಮರುಕಳಿಸಿದರೆ ಅಥವಾ ಹಿಂದೆ ವಯಸ್ಕರ ಕೈವಾಡ ಕಂಡುಬಂದರೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಲಿಖಿತ ದೂರು ಕೊಡಿ. ದೂರು ಕೊಡುವುದು ವರ್ತಕನ ಹಕ್ಕು. ಆದರೆ ಆ ಹಕ್ಕನ್ನು ಹಣಕ್ಕಾಗಿ ಚೌಕಾಸಿಗೆ ಇಡಬಾರದು.

ಬೆಲೆಬಾಳುವ ಸಣ್ಣ ವಸ್ತುಗಳನ್ನು ಗಲ್ಲಾಪೆಟ್ಟಿಗೆಯ ಬಳಿ ಕಣ್ಣಳತೆಯಲ್ಲಿ ಜೋಡಿಸುವುದು, ವಾರಕ್ಕೊಮ್ಮೆ ದಾಸ್ತಾನು ತಾಳೆ ನೋಡುವುದು ಯಾವ ತಗಾದೆ ಪತ್ರಕ್ಕಿಂತಲೂ ಹೆಚ್ಚು ಹಣ ಉಳಿಸುವ ಉಪಾಯಗಳು. ಇಂದು ತಲೆತಗ್ಗಿಸಿ ನಿಂತ ಬಾಲಕನ ಮನೆಯವರು ನಾಳೆಯೂ ನಮ್ಮ ಬೀದಿಯ ಗಿರಾಕಿಗಳೇ. ಹೋದ ಸರಕಿನ ಲೆಕ್ಕವನ್ನು ಸರಿಯಾಗಿ ಕೇಳುವುದು ವ್ಯಾಪಾರಧರ್ಮ. ಅದರ ನೆಪದಲ್ಲಿ ಒಂದು ರೂಪಾಯಿ ಹೆಚ್ಚು ಕೇಳಿದರೂ ನಾವು ಲೆಕ್ಕ ಕೊಡಬೇಕಾದವರಾಗುತ್ತೇವೆ.