ಕೊರಿಯದ ಶಾಲೆಯಲ್ಲಿ ಪರದೇಶದ ಗುರು

ಗುರುಶಿಷ್ಯರ ನಡುವೆ ಆತ್ಮೀಯತೆ ಬೆಳೆಯಬೇಕಾದರೆ ಇಬ್ಬರಿಗೂ ತಿಳಿದ ಭಾಷೆಯೊಂದು ಬೇಕು. ಆದರೆ ಆ ಭಾಷೆಯನ್ನು ಕಲಿಸುವುದಕ್ಕಾಗಿಯೇ ಗುರು ಬಂದಿದ್ದರೆ, ಶಿಷ್ಯರಿಗೆ ಅದು ಇನ್ನೂ ಬಾರದಿದ್ದರೆ, ಗುರುವಿಗೆ ಶಿಷ್ಯರ ನುಡಿಯ ಒಂದಕ್ಷರವೂ ತಿಳಿಯದಿದ್ದರೆ, ಪರಸ್ಪರ ಸ್ನೇಹ ಬೆಳೆಯುವ ಬಗೆ ಹೇಗೆ? ದಕ್ಷಿಣ ಕೊರಿಯದ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಹೋಗುವ ಪರದೇಶದ ಶಿಕ್ಷಕರು ಮೊಟ್ಟಮೊದಲು ಎದುರಿಸಬೇಕಾದ ಪ್ರಶ್ನೆ ಇದು.

ಆ ದೇಶದಲ್ಲಿ 1997ರಿಂದ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಲ್ಲೇ ಇಂಗ್ಲಿಷ್ ಪಾಠ ಆರಂಭವಾಗುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 1995ರಲ್ಲಿ, ಇಂಗ್ಲಿಷನ್ನು ಮನೆಮಾತಾಗಿ ಆಡುವವರನ್ನು ಹೊರದೇಶಗಳಿಂದ ಕರೆಸಿ ಸರ್ಕಾರಿ ಶಾಲೆಗಳಲ್ಲಿ ನೇಮಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ ಕೈಗೊಂಡಿತು. ಹೀಗೆ ಬಂದವರು ಸಾಮಾನ್ಯವಾಗಿ ಒಂದು ವರ್ಷದ ಕರಾರಿನ ಮೇಲೆ, ಕೊರಿಯದ ಶಿಕ್ಷಕರೊಬ್ಬರ ಜೊತೆಗೂಡಿ, ವಾರಕ್ಕೆ ಸುಮಾರು 22 ಗಂಟೆಗಳ ಪಾಠ ಮಾಡುತ್ತಾರೆ. ಒಂದೊಂದು ತರಗತಿಗೂ ವಾರಕ್ಕೊಮ್ಮೆ ಮಾತ್ರ ಹೋಗುವವರೇ ಹೆಚ್ಚು. ನೂರಾರು ಮಕ್ಕಳ ಮುಖಗಳು ಕಣ್ಣ ಮುಂದೆ ಹಾದು ಹೋಗುತ್ತವೆ. ಹೆಸರು ಮಾತ್ರ ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಮೊದಲ ದಿನ ಶಿಕ್ಷಕರು ಉತ್ಸಾಹದಿಂದ ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರವಿಲ್ಲ. ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಪಕ್ಕದವರ ಮುಖ ನೋಡುತ್ತಾರೆ. ಅಮೆರಿಕದಿಂದಲೋ ಕೆನಡದಿಂದಲೋ ಬಂದವರಿಗೆ ಇದು ದೊಡ್ಡ ಆಘಾತ. ಮಕ್ಕಳಿಗೆ ಪಾಠದಲ್ಲಿ ಆಸಕ್ತಿಯಿಲ್ಲ, ಇಲ್ಲವೆ ತಮ್ಮ ಮೇಲೆ ವಿಶ್ವಾಸವಿಲ್ಲ ಎಂದು ಅವರು ಭಾವಿಸಿಬಿಡುವುದುಂಟು. ಹಾಗೆ ಭಾವಿಸಿ ಮುನಿಸಿಕೊಂಡರೆ ಆ ವರ್ಷವೆಲ್ಲ ವ್ಯರ್ಥವಾದಂತೆಯೇ ಸರಿ. ಏಕೆಂದರೆ ಆ ಮೌನದ ಅರ್ಥವೇ ಬೇರೆ.

ಕೊರಿಯದಲ್ಲಿ ಗುರುವನ್ನು 'ಸೊನ್‌ಸೆಂಗ್‌ನಿಮ್' ಎಂದು ಸಂಬೋಧಿಸುತ್ತಾರೆ. 'ಸೊನ್‌ಸೆಂಗ್' ಎಂದರೆ ಅಕ್ಷರಶಃ 'ಮೊದಲು ಹುಟ್ಟಿದವನು'. 'ನಿಮ್' ಎಂಬುದು ಗೌರವವನ್ನು ಸೂಚಿಸುವ ಪ್ರತ್ಯಯ. ಗುರುವನ್ನು ಬರಿಯ ಹೆಸರು ಹಿಡಿದು ಕರೆಯುವುದು ಅಲ್ಲಿ ಊಹಿಸಲೂ ಆಗದ ಮಾತು. ಗುರುವಿನ ನೆರಳನ್ನು ಸಹ ತುಳಿಯಬಾರದೆಂಬ ನಾಣ್ಣುಡಿ ಅಲ್ಲಿ ಬಹು ಹಳೆಯದು. ಅರಸ, ಗುರು, ತಂದೆ ಮೂವರೂ ಸಮಾನರೆಂಬುದು ಕನ್‌ಫ್ಯೂಷಿಯಸನ ಪರಂಪರೆಯಿಂದ ಬಂದ ನಂಬಿಕೆ. ಗದರಿಸಿದಾಗ ವಿದ್ಯಾರ್ಥಿ ನೆಲ ನೋಡುತ್ತಾನೆ. ಅದು ಉದ್ಧಟತನವಲ್ಲ, ವಿನಯ. "ನನ್ನ ಕಣ್ಣನ್ನು ನೋಡಿ ಮಾತನಾಡು" ಎಂದು ಪರದೇಶದ ಶಿಕ್ಷಕರು ಒತ್ತಾಯಿಸಿದರೆ ಆ ಬಾಲಕನಿಗೆ ಪ್ರಾಣಸಂಕಟವಾಗುತ್ತದೆ.

ಇನ್ನೊಂದು ಕಾರಣ ಮಾನಾಪಮಾನಗಳಿಗೆ ಸಂಬಂಧಿಸಿದುದು. ಹತ್ತು ಜನರೆದುರು ತಪ್ಪು ಹೇಳಿ ತಲೆ ತಗ್ಗಿಸುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಮಕ್ಕಳು ಎಣಿಸುತ್ತಾರೆ. ಚೆನ್ನಾಗಿ ಬಲ್ಲವನಿಗೂ ತಾನೊಬ್ಬನೇ ಮುಂದೆ ಬಂದು ಮೆರೆದಂತಾದೀತೆಂಬ ಅಳುಕು. ಇತರರ ಮನಸ್ಸನ್ನು ಮಾತಿಲ್ಲದೆಯೇ ಅರಿತು ನಡೆದುಕೊಳ್ಳುವ ಜಾಣ್ಮೆಗೆ ಕೊರಿಯನ್ನರು 'ನುನ್ಚಿ' ಎನ್ನುತ್ತಾರೆ. ಇದಿಲ್ಲದವನನ್ನು ಅಲ್ಲಿ ಒರಟನೆಂದೇ ಎಣಿಸುವರು. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಪ್ರಶ್ನಿಸುವ ಶಿಕ್ಷಕರಿಗೆ ದೊರೆಯದ ಉತ್ತರ, ನಾಲ್ಕು ನಾಲ್ಕು ಜನರ ಗುಂಪು ಮಾಡಿ ತಮ್ಮತಮ್ಮಲ್ಲೇ ಆಲೋಚಿಸಲು ಬಿಡುವವರಿಗೆ ಸುಲಭವಾಗಿ ದೊರೆಯುತ್ತದೆ. ಆಗ ತಪ್ಪು ಒಬ್ಬನದಲ್ಲ, ಗುಂಪಿನದು.

ಎಲ್ಲಕ್ಕಿಂತ ಭಾರವಾದುದು ಪರೀಕ್ಷೆಯ ಹೊರೆ. ವಿಶ್ವವಿದ್ಯಾನಿಲಯ ಪ್ರವೇಶಕ್ಕೆಂದು ಪ್ರತಿ ನವೆಂಬರಿನಲ್ಲಿ ನಡೆಯುವ ಮಹಾಪರೀಕ್ಷೆಗೆ 'ಸುನುಂಗ್' ಎಂದು ಹೆಸರು. ಅಂದು ಕಚೇರಿಗಳು ತಡವಾಗಿ ತೆರೆಯುತ್ತವೆ. ತಡವಾದ ವಿದ್ಯಾರ್ಥಿಗಳನ್ನು ಪೊಲೀಸರೇ ತಮ್ಮ ವಾಹನಗಳಲ್ಲಿ ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸುತ್ತಾರೆ. ಇಂಗ್ಲಿಷನ್ನು ಕೇಳಿ ಉತ್ತರಿಸುವ ಭಾಗ ನಡೆಯುವ ಅರ್ಧ ಗಂಟೆಯಷ್ಟು ಹೊತ್ತು ದೇಶದಲ್ಲಿ ವಿಮಾನಗಳು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಇಂಗ್ಲಿಷಿಗೆ ಒಟ್ಟು 45 ಪ್ರಶ್ನೆಗಳು: 17 ಕೇಳಿ ಉತ್ತರಿಸುವಂಥವು, 28 ಓದಿ ಉತ್ತರಿಸುವಂಥವು. ಬಾಯಿ ತೆರೆದು ಒಂದು ಮಾತಾಡುವ ಅಗತ್ಯವೂ ಅಲ್ಲಿಲ್ಲ. ಹೀಗಿರುವಾಗ, ಸಂಜೆಯಿಂದ ರಾತ್ರಿಯವರೆಗೆ 'ಹಾಗ್ವೊನ್' ಎಂಬ ಖಾಸಗಿ ಪಾಠಶಾಲೆಗಳಲ್ಲಿ ಕುಳಿತು ಬಂದ ಹುಡುಗನು, ಮಾತನಾಡಲು ಕಲಿಸುವ ಪರದೇಶದ ಗುರುವಿನ ತರಗತಿಯಲ್ಲಿ ತೂಕಡಿಸಿದರೆ ಅದನ್ನು ಅವಮರ್ಯಾದೆಯೆಂದು ತಿಳಿಯುವುದು ನ್ಯಾಯವಲ್ಲ. ಇಂಥ ಪಾಠಶಾಲೆಗಳು ರಾತ್ರಿ 10 ಗಂಟೆಗೆ ಮುಚ್ಚತಕ್ಕದ್ದೆಂದು ರಾಜಧಾನಿ ಸಿಯೋಲ್ ನಗರದಲ್ಲಿ ಕಟ್ಟಳೆಯನ್ನೇ ಮಾಡಬೇಕಾಯಿತೆಂದರೆ ಮಕ್ಕಳ ದಣಿವನ್ನು ಊಹಿಸಿಕೊಳ್ಳಬಹುದು.

ಈ ಮೌನವನ್ನು ಕರಗಿಸುವ ಉಪಾಯವೇನು? ಅನುಭವಿಗಳಾದ ಶಿಕ್ಷಕರು ತಾವೇ ಮೊದಲು ವಿದ್ಯಾರ್ಥಿಗಳಾಗುತ್ತಾರೆ. ಕೊರಿಯದ ಲಿಪಿಯಾದ ಹಂಗುಲ್ ಕಲಿಯಲು ಬಹಳ ಸುಲಭ. 1443ರಲ್ಲಿ ಸೆಜೊಂಗ್ ಎಂಬ ದೊರೆ ಅದನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದುದು ಸಾಮಾನ್ಯ ಜನರಿಗಾಗಿಯೇ. ಶಿಕ್ಷಕರು ಕರಿಹಲಗೆಯ ಮೇಲೆ ಸೊಟ್ಟಸೊಟ್ಟಾಗಿ ಹಂಗುಲ್ ಬರೆದು, ಉಚ್ಚಾರದಲ್ಲಿ ಎಡವಿದಾಗ ತರಗತಿಯಲ್ಲಿ ಮೊದಲ ನಗೆ ಏಳುತ್ತದೆ. ತಿದ್ದಲು ಹತ್ತು ಕೈಗಳು ಮೇಲೇಳುತ್ತವೆ. ತಪ್ಪು ಮಾಡಿಯೂ ಮಾನ ಕಳೆದುಕೊಳ್ಳದೆ ಇರಬಹುದೆಂಬುದನ್ನು ಮಕ್ಕಳು ಆಗ ಕಣ್ಣಾರೆ ಕಾಣುತ್ತಾರೆ.

ಮಕ್ಕಳ ನುಡಿಯನ್ನು ತಿಳಿದರೆ ಅವರ ತಪ್ಪುಗಳೂ ಅರ್ಥವಾಗುತ್ತವೆ. ಕೊರಿಯನ್ ಭಾಷೆಯಲ್ಲಿ 'ಫ' ಧ್ವನಿಯಿಲ್ಲ. ಕಾಫಿ ಅಲ್ಲಿ 'ಕೊಪಿ'. ರಕಾರ ಲಕಾರಗಳೆರಡಕ್ಕೂ ಒಂದೇ ಅಕ್ಷರ. ಇಂಗ್ಲಿಷಿನ 'ಬಸ್' ಕನ್ನಡದಲ್ಲಿ 'ಬಸ್ಸು' ಆಗುವಂತೆ ಅಲ್ಲಿ 'ಬೊಸು' ಆಗುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದೂ ಕನ್ನಡದಂತೆಯೇ. ಕೊರಿಯದ ಮಗು ತಂದೆಯನ್ನು 'ಅಪ್ಪಾ' ಎಂದೇ ಕರೆಯುತ್ತದೆಂಬುದು ಕನ್ನಡಿಗರಿಗೆ ಸೋಜಿಗವೆನಿಸದಿರದು.

ಹೆಸರುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಅನಂತರ. ಕೊರಿಯನ್ನರಲ್ಲಿ ಐವರಿಗೊಬ್ಬರು 'ಕಿಮ್' ಮನೆತನದವರಾದುದರಿಂದ 'ಕಿಮ್' ಎಂದು ಕೂಗಿದರೆ ಅರ್ಧ ಡಜನ್ ಮಕ್ಕಳು ತಿರುಗಿ ನೋಡಿಯಾರು! ಕೆಲವು ಶಿಕ್ಷಕರು ತಮ್ಮ ಅನುಕೂಲಕ್ಕಾಗಿ ಮಕ್ಕಳಿಗೆ ಇಂಗ್ಲಿಷ್ ಹೆಸರುಗಳನ್ನು ಇಡುತ್ತಾರೆ. ಅದು ಸುಲಭದ ದಾರಿಯೇನೋ ಹೌದು. ಆದರೆ ತಾಯ್ತಂದೆಗಳು ಇಟ್ಟ ಹೆಸರನ್ನು ಕಷ್ಟಪಟ್ಟು ಕಲಿತು, ಮಿನ್‌ಸು ಎಂಬ ಹುಡುಗನನ್ನು ಅಲ್ಲಿಯ ರೀತಿಯಲ್ಲಿ 'ಮಿನ್‌ಸುಯಾ' ಎಂದು ಕರೆದಾಗ ಅವನ ಮುಖದಲ್ಲಿ ಮೂಡುವ ಬೆಳಕು ಅದರಿಂದ ದೊರೆಯಲಾರದು. ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಲೇಬಾರದು. ಕೆಂಪಕ್ಷರದ ಹೆಸರಿಗೂ ಸಾವಿಗೂ ಸಂಬಂಧವುಂಟೆಂಬ ನಂಬಿಕೆ ಅಲ್ಲಿ ಬಲವಾಗಿದೆ. ಮೇಲ್ಮುಖವಾದ ಬೆರಳನ್ನು ಮಡಿಸಿ ಯಾರನ್ನೂ ಕರೆಯಬಾರದು; ಹಾಗೆ ಕರೆಯುವುದು ನಾಯಿಯನ್ನು.

ಸ್ನೇಹ ಬೆಳೆಯುವುದು ತರಗತಿಯ ಹೊರಗೇ ಹೆಚ್ಚು. ಮಧ್ಯಾಹ್ನ ಶಿಕ್ಷಕರೂ ಮಕ್ಕಳೂ ಶಾಲೆಯಲ್ಲೇ ಅನ್ನ, ಸಾರು, ಕಿಮ್ಚಿಗಳ ಊಟ ಮಾಡುತ್ತಾರೆ. ಕಿಮ್ಚಿ ಎಂದರೆ ಕೋಸು ಮೊದಲಾದ ತರಕಾರಿಗಳಿಗೆ ಉಪ್ಪು, ಮೆಣಸಿನ ಪುಡಿ ಬೆರೆಸಿ ಹುಳಿಯಿಸಿದ ವ್ಯಂಜನ. ಅದನ್ನು ತಿಂದು ಕಣ್ಣೀರು ಒರೆಸಿಕೊಳ್ಳುವ ಶಿಕ್ಷಕರನ್ನು ಮಕ್ಕಳು ಕೂಡಲೇ ಮೆಚ್ಚುತ್ತಾರೆ. ಮಕ್ಕಳೇ ಪೊರಕೆ ಹಿಡಿದು ತರಗತಿಯನ್ನು ಗುಡಿಸುವಾಗ ಜೊತೆಯಲ್ಲಿ ನಿಂತು ಆಡಿದ ಎರಡು ಮಾತು ಒಂದು ಪಾಠಕ್ಕೆ ಸಮ.

ಇಂಥ ಗುರುಗಳ ಸಾಲಿನಲ್ಲಿ ಮೊದಲಿಗರೊಬ್ಬರ ಕಥೆ ಸ್ಮರಣೀಯವಾಗಿದೆ. 1886ರಲ್ಲಿ ದೊರೆ ಗೊಜೊಂಗನು ಕುಲೀನ ಮನೆತನಗಳ ತರುಣರಿಗೆ ಇಂಗ್ಲಿಷನ್ನೂ ಹೊಸ ವಿದ್ಯೆಗಳನ್ನೂ ಕಲಿಸಲು ಸಿಯೋಲ್‌ನಲ್ಲಿ ಶಾಲೆಯೊಂದನ್ನು ತೆರೆದನು. ಅಲ್ಲಿಗೆ ಅಮೆರಿಕದಿಂದ ಬಂದ ಮೂವರು ಶಿಕ್ಷಕರಲ್ಲಿ ಹೋಮರ್ ಹಲ್ಬರ್ಟ್ ಒಬ್ಬರು; ಆಗ ಅವರ ವಯಸ್ಸು 23. ಅಂದಿನ ವಿದ್ವಾಂಸರು ಚೀನೀ ಲಿಪಿಯನ್ನು ಆದರಿಸಿ ಹಂಗುಲನ್ನು ಹಗುರವಾಗಿ ಕಾಣುತ್ತಿದ್ದರು. ಹಲ್ಬರ್ಟರು ಆ ಹಂಗುಲನ್ನೇ ಕಲಿತು, ಕೆಲವೇ ವರ್ಷಗಳಲ್ಲಿ ಅದರಲ್ಲಿಯೇ ಜಗತ್ತಿನ ಭೂಗೋಳವನ್ನು ಕುರಿತ ಪಠ್ಯಪುಸ್ತಕವೊಂದನ್ನು ಬರೆದರು. ಮುಂದೆ ಜಪಾನು ಕೊರಿಯವನ್ನು ಕಬಳಿಸತೊಡಗಿದಾಗ ಆ ನಾಡಿನ ಪರವಾಗಿ ವಾದಿಸಿದರು. 1907ರಲ್ಲಿ ಹೇಗ್ ನಗರದಲ್ಲಿ ದೊರೆಯ ದೂತರಿಗೆ ನೆರವಾದರು. ಅನಂತರ ಬಹುಕಾಲ ಅವರಿಗೆ ಕೊರಿಯಕ್ಕೆ ಮರಳಲಾಗಲಿಲ್ಲ. 1949ರಲ್ಲಿ, 86ನೆಯ ವಯಸ್ಸಿನಲ್ಲಿ, ಸ್ವತಂತ್ರ ಕೊರಿಯದ ಆಹ್ವಾನದ ಮೇಲೆ ಬಂದು, ಬಂದ ಒಂದು ವಾರದಲ್ಲೇ ತೀರಿಕೊಂಡರು. ಸಿಯೋಲ್‌ನ ಯಾಂಗ್‌ಹ್ವಾಜಿನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಹಂಗುಲನ್ನು ಕೊಟ್ಟ ಸೆಜೊಂಗ್ ದೊರೆಯ ಹುಟ್ಟುಹಬ್ಬವಾದ ಮೇ 15ನೆಯ ದಿನವನ್ನು ಕೊರಿಯದಲ್ಲಿ 1965ರಿಂದ ಗುರುಗಳ ದಿನವಾಗಿ ಆಚರಿಸುತ್ತಾರೆ. ಹಿಂದೆ ಅಂದು ಗುರುಗಳಿಗೆ ಕಾಣಿಕೆ ಕೊಡುವ ರೂಢಿಯಿತ್ತು. ಕಾಣಿಕೆ ಕ್ರಮೇಣ ಲಂಚದ ರೂಪ ತಾಳಿದ ಕಾರಣ 2016ರಲ್ಲಿ ಜಾರಿಗೆ ಬಂದ ಕಾನೂನು ಅದನ್ನು ಬಿಗಿಯಾಗಿ ತಡೆಯಿತು. ಈಗ ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬನು ಎಲ್ಲರ ಎದುರಿಗೆ ಗುರುವಿಗೆ ಕಾರ್ನೇಷನ್ ಹೂವನ್ನು ಅರ್ಪಿಸಬಹುದು. ಕೈಯಾರೆ ಬರೆದ ಪತ್ರಕ್ಕೆ ಮಾತ್ರ ಅಡ್ಡಿಯಿಲ್ಲ. ತರಗತಿಯಲ್ಲಿ ವರ್ಷವೆಲ್ಲ ತುಟಿ ಬಿಚ್ಚದ ಹುಡುಗಿ, ಅರ್ಧ ಹಂಗುಲ್ ಅರ್ಧ ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಎರಡೂ ಕೈಗಳಲ್ಲಿ ಹಿಡಿದು ನೀಡಿ, ತಲೆಬಾಗಿ ವಂದಿಸಿ ಓಡಿಹೋಗುವುದುಂಟು.