ಸಾಂಕ್ರಾಮಿಕದ ಪಾಠ ಮತ್ತು ‘ಯಾವ್ದು ಖರೇ?’ ಎಂಬ ಪ್ರಶ್ನೆ

ಬೋಧನಾಭ್ಯಾಸಕ್ಕೆ ಎಂಟನೆಯ ತರಗತಿಯ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಪಾಠವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಬಹಳ. ಮೊಸರು, ಯೀಸ್ಟ್, ಬ್ರೆಡ್ಡಿನ ಮೇಲಿನ ಬೂಷ್ಟು, ಎಲ್ಲವೂ ಕೈಗೆ ಸಿಗುವ ಬೋಧನೋಪಕರಣಗಳು. ಆದರೆ ವೈರಾಣು ಎಂದು ಕಪ್ಪುಹಲಗೆಯ ಮೇಲೆ ಬರೆದ ಕೂಡಲೇ ಮಕ್ಕಳು ಕೋವಿಡ್ ಬಗ್ಗೆ ಕೇಳುತ್ತಾರೆ. ಅಲ್ಲಿಗೆ ಪಠ್ಯಪುಸ್ತಕ ಸಾಲದು. ಶಹಾಪುರದ ಶಾಲೆಯೊಂದರಲ್ಲಿ ನನಗೆ ಬಂದ ಪ್ರಶ್ನೆ ಹೀಗಿತ್ತು: “ಟೀಚರ್, ಮೊದ್ಲ ಮಾಸ್ಕ್ ಬ್ಯಾಡ ಅಂದ್ರು, ಆಮ್ಯಾಲೆ ಹಾಕ್ಕೊಳ್ರಿ ಅಂದ್ರು. ಯಾವ್ದು ಖರೇ?”

ಮಗು ಹೇಳಿದ್ದು ಸರಿ. 2020ರ ಏಪ್ರಿಲ್ ಮೊದಲ ವಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ಸಾರ್ವಜನಿಕರೆಲ್ಲ ಮಾಸ್ಕ್ ಧರಿಸಬೇಕೆಂದು ಹೇಳಿರಲಿಲ್ಲ. ಅದೇ ವೇಳೆಗೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಮನೆಯಲ್ಲೇ ಹೊಲಿದ ಮುಖಗವಸು ಹಾಕಿಕೊಳ್ಳಿ ಎಂದಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ಬದಲಿಸಿತು. ಕಾರಣ, ಕೆಮ್ಮು–ಜ್ವರ ಕಾಣಿಸುವ ಮೊದಲೇ ಸೋಂಕಿತರು ರೋಗ ಹರಡಬಲ್ಲರು ಎಂಬುದಕ್ಕೆ ಅಷ್ಟರಲ್ಲಿ ಸಾಕಷ್ಟು ಪುರಾವೆ ಸೇರಿತ್ತು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುತ್ತದೆ ಎಂಬುದನ್ನು ಸ್ಪಷ್ಟವಾಗಿ ಒಪ್ಪಿಕೊಳ್ಳಲು ಆ ಸಂಸ್ಥೆ ಇನ್ನೂ ತಡಮಾಡಿತು. ನನ್ನ ಅಭಿಪ್ರಾಯದಲ್ಲಿ ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಸಲಹೆ ಬದಲಾದಾಗ ದಿನಾಂಕ ಮತ್ತು ಕಾರಣ ಎರಡನ್ನೂ ಹೇಳುವ ಮೂಲವನ್ನು ನಂಬಬಹುದು. ವಾಟ್ಸಾಪ್‌ನಲ್ಲಿ ಬರುವ ‘ದೊಡ್ಡ ಡಾಕ್ಟರ್ ಹೇಳಿದ್ದು’ ಎಂಬ ಸಂದೇಶಕ್ಕೆ ದಿನಾಂಕವೂ ಇರುವುದಿಲ್ಲ, ಡಾಕ್ಟರ ಹೆಸರೂ ಇರುವುದಿಲ್ಲ, ಆರು ತಿಂಗಳ ನಂತರವೂ ಅದು ಹಾಗೇ ಸುತ್ತುತ್ತಿರುತ್ತದೆ.

ಗಾಳಿಯಲ್ಲಿ ತೇಲುವುದು ಎಂದರೇನು ಎಂಬುದನ್ನು ಶಹಾಪುರದ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. ಇಲ್ಲಿ, ವಡಗಾವಿಯಲ್ಲಿ, ಖಾಸಬಾಗದಲ್ಲಿ ಎಷ್ಟೋ ಮನೆಗಳಲ್ಲಿ ಮಗ್ಗ ಇದೆ. ಬೆಳಗಿನ ಬಿಸಿಲುಕೋಲಿನಲ್ಲಿ ನೂಲಿನ ಎಳೆಪುಡಿ ತೇಲುವುದನ್ನು ಅವರು ದಿನಾ ನೋಡುತ್ತಾರೆ. ಸೋಂಕಿತರ ಉಸಿರಿನಿಂದ ಹೊರಬರುವ ಕಣಗಳು ಅದಕ್ಕಿಂತಲೂ ಬಹಳ ಸಣ್ಣವು, ಆದ್ದರಿಂದ ಇನ್ನೂ ಹೆಚ್ಚು ಹೊತ್ತು ತೇಲುತ್ತವೆ. ಗಟ್ಟಿಯಾಗಿ ಮಾತಾಡಿದಷ್ಟೂ ಹೆಚ್ಚು ಕಣ ಹೊರಬೀಳುತ್ತವೆ. ಪವರ್‌ಲೂಮ್ ಓಡುವಾಗ ಪಕ್ಕದವರಿಗೆ ಕೇಳಿಸಬೇಕಾದರೆ ಕಿವಿಯ ಹತ್ತಿರ ಬಂದು ಕೂಗಬೇಕು! ಕಿಟಕಿ ಮುಚ್ಚಿದ ಮಗ್ಗದ ಕೋಣೆಗೆ ಅಪಾಯ ಯಾಕೆ ಜಾಸ್ತಿ, ಕಿಟಕಿ ಎರಡೂ ಬದಿಗೆ ತೆರೆದರೆ ಯಾಕೆ ಕಡಿಮೆ ಎಂಬುದನ್ನು ನಾನು ಹೇಳುವ ಮೊದಲೇ ಒಬ್ಬ ಹುಡುಗಿ ಹೇಳಿದಳು. ಸಾಬೂನಿನ ವಿಷಯ ಇನ್ನೂ ಸರಳ: ಈ ವೈರಾಣುವಿನ ಹೊರಪೊರೆ ಕೊಬ್ಬಿನದು, ಜಿಡ್ಡಿನ ಪಾತ್ರೆಯಂತೆ ಅದನ್ನೂ ಸಾಬೂನು ಒಡೆಯುತ್ತದೆ, ಅದಕ್ಕೆ 20 ಸೆಕೆಂಡು ಉಜ್ಜಬೇಕು.

ಇನ್ನು ಸುಳ್ಳು ಮಾಹಿತಿ. 2021ರ ಎರಡನೇ ಅಲೆಯಲ್ಲಿ ಮೂಗಿಗೆ ನಿಂಬೆರಸ ಹನಿಸಿದರೆ ರಕ್ತದ ಆಮ್ಲಜನಕ ಏರುತ್ತದೆ ಎಂಬ ಮಾತು ನಮ್ಮ ರಾಜ್ಯದಲ್ಲೇ ಹುಟ್ಟಿ ವೇಗವಾಗಿ ಹರಡಿತು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಅದು ಸುಳ್ಳು ಎಂದು ಹೇಳಬೇಕಾಯಿತು. ಇದನ್ನು ತರಗತಿಯಲ್ಲಿ ‘ನಂಬಬೇಡಿ’ ಎಂದು ಮುಗಿಸುವುದಕ್ಕಿಂತ, ಮಕ್ಕಳ ಪೂರ್ವಜ್ಞಾನದಿಂದಲೇ ಪರೀಕ್ಷಿಸಬಹುದು. ಆಮ್ಲಜನಕ ರಕ್ತಕ್ಕೆ ಸೇರುವುದು ಎಲ್ಲಿ? ಶ್ವಾಸಕೋಶದ ಗಾಳಿಗೂಡುಗಳಲ್ಲಿ. ಮೂಗಿನ ಹನಿಗೂ ಅದಕ್ಕೂ ಏನು ಸಂಬಂಧ? ನಿಂಬೆರಸ ಲಿಟ್ಮಸ್ ಕಾಗದವನ್ನು ಏನು ಮಾಡುತ್ತದೆ? ಅಂಥ ಆಮ್ಲ ಮೂಗಿನ ಒಳಪೊರೆಗೆ, ಉಸಿರುನಾಳಕ್ಕೆ ಬಿದ್ದರೆ? ಇಷ್ಟು ಪ್ರಶ್ನೆ ಸಾಕು. ನಿಂಬೆ ಪಾನಕ ಕುಡಿಯುವುದು ಬೇರೆ ಮಾತು, ಅದಕ್ಕೆ ಯಾರ ತಕರಾರೂ ಇಲ್ಲ. ಪ್ರತಿಜೈವಿಕಗಳ ವಿಷಯವೂ ಇಲ್ಲೇ ಬರುತ್ತದೆ: ಅವು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತವೆಯೇ ಹೊರತು ವೈರಾಣುವಿನ ಮೇಲಲ್ಲ.

ನಮ್ಮೂರಿನ ಇನ್ನೊಂದು ತೊಡಕು ಭಾಷೆ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇವೆ. ಸರ್ಕಾರದ ಪ್ರಕಟಣೆ ಕನ್ನಡದಲ್ಲಿ ಬರುತ್ತದೆ. ಅಜ್ಜಿ ಓದುವುದು ಮರಾಠಿ. ಅವಳಿಗೆ ಮೊದಲು ತಲುಪುವುದು ಕೊಲ್ಹಾಪುರದ ನೆಂಟರು ಫಾರ್ವರ್ಡ್ ಮಾಡಿದ ಸಂದೇಶ. ಮೇಲ್ಗಡೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು ಎಂದು ಮಕ್ಕಳು ಮನೆಯಲ್ಲಿ ತೋರಿಸಬಹುದು. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ವಾಟ್ಸಾಪ್ ಮಿತಿ ಹಾಕಿದ್ದೂ ಈ ಕಾರಣಕ್ಕೇ. ಆದರೆ ಅಜ್ಜಿಯ ಅನುಮಾನ ಬಗೆಹರಿಸಬಲ್ಲವರು ಆಶಾ ಕಾರ್ಯಕರ್ತೆ. ಅವರು ಅದೇ ಓಣಿಯವರು, ಅಜ್ಜಿಯ ಭಾಷೆಯವರು. ಅವರಿಗೂ ಉತ್ತರ ಗೊತ್ತಿಲ್ಲದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ.

ಲಸಿಕೆಯ ಭಯಕ್ಕೆ ಸ್ಥಳೀಯ ಉದಾಹರಣೆ ಪಕ್ಕದ ಟಿಳಕವಾಡಿಯಲ್ಲೇ ಇದೆ. ವ್ಯಾಕ್ಸಿನ್ ಡಿಪೋ ಎಂದರೆ ಮಕ್ಕಳಿಗೆ ಮೈದಾನ, ವಾಕಿಂಗ್, ಕಾರ್ಯಕ್ರಮ. ಅಲ್ಲಿ ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು ಎಂದಾಗ ಇಡೀ ತರಗತಿ ಕಣ್ಣರಳಿಸಿತು. ಸಿಡುಬು ಭೂಮಿಯಿಂದಲೇ ಹೋಯಿತೆಂದು 1980ರ ಮೇ 8ರಂದು ಘೋಷಣೆಯಾಯಿತು. ಈ ಮಕ್ಕಳ ತೋಳಿನಲ್ಲಿ ಆ ಲಸಿಕೆಯ ಗುರುತಿಲ್ಲ, ಅಜ್ಜ–ಅಜ್ಜಿಯರ ತೋಳಿನಲ್ಲಿದೆ. 2021ರ ಜನವರಿಯಲ್ಲಿ ಕೋವಿಶೀಲ್ಡ್ ಬಂದಾಗಲೂ ರಾಜ್ಯದಲ್ಲಿ ಮೊದಲು ತಲುಪಿದ್ದು ಬೆಂಗಳೂರು ಮತ್ತು ಬೆಳಗಾವಿಯ ಸಂಗ್ರಹಾಗಾರಗಳಿಗೆ. ಆ ವೇಳೆಗೆ ನಮ್ಮ ಜಿಲ್ಲೆ ಬಹಳ ಜನರನ್ನು ಕಳೆದುಕೊಂಡಿತ್ತು. ನಮ್ಮ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ತರಗತಿಯಲ್ಲೂ ಮನೆಯವರನ್ನು ಕಳೆದುಕೊಂಡ ಮಕ್ಕಳು ಇರಬಹುದು. ಆದ್ದರಿಂದ ‘ನಿಮ್ಮ ಮನೆಯಲ್ಲಿ ಯಾರಿಗೆ ಬಂದಿತ್ತು?’ ಎಂದು ಪ್ರೇರಣಾ ಹಂತದಲ್ಲಿ ಕೇಳಬೇಡಿ. ನಾನು ಮೊದಲೇ ತರಗತಿ ಶಿಕ್ಷಕಿಯರನ್ನು ಕೇಳಿ ತಿಳಿದುಕೊಂಡಿದ್ದೆ.

ಒಂದು ಅವಧಿಯಲ್ಲಿ ಇದೆಲ್ಲ ಆಗುವುದಿಲ್ಲ, ಎರಡು ಬೇಕು. ಎರಡನೆಯದರಲ್ಲಿ ಊದಿನಕಡ್ಡಿಯ ಹೊಗೆಯಿಂದ ಗಾಳಿಯಾಟ ತೋರಿಸುವವರು ಉಬ್ಬಸ ಇರುವ ಮಕ್ಕಳಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಹೊಗೆ ಬೇಡ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಡಸ್ಟರ್ ಒಂದು ಸಲ ಕೊಡವಿದರೂ ಸಾಕು.