ಕಡವೆ ಕೊಂಬಿನ ರಹದಾರಿ

ಹೆತ್ತೂರು ಕಡೆಯ ಹಳೆ ತೋಟದ ಮನೆಗಳಲ್ಲಿ ಜಗುಲಿ ಗೋಡೆಗೆ ಕಡವೆ ಕೊಂಬು ಇದ್ದರೆ ಅದು ಅಲಂಕಾರಕ್ಕಿಂತ ಹೆಚ್ಚಾಗಿ ಗೂಟ. ಒಂದು ಕವಲಿಗೆ ಛತ್ರಿ, ಇನ್ನೊಂದಕ್ಕೆ ಟೋಪಿ, ಮಳೆಗಾಲದಲ್ಲಿ ನೀರಿಳಿಯುವ ಪ್ಲಾಸ್ಟಿಕ್ ಕೊಪ್ಪೆ. ‘ಅಜ್ಜ ಹೊಡೆದಿದ್ದು’ ಎನ್ನುತ್ತಾರೆ. ಯಾವ ವರ್ಷ ಅಂತ ಕೇಳಿ ನೋಡಿ, ಮಾತು ಕಾಫಿ ರೇಟಿನ ಕಡೆ ಹೊರಳುತ್ತದೆ.

ಹೊರಳಲು ಕಾರಣವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕಡವೆ, ಜಿಂಕೆಗಳನ್ನು ಲೈಸೆನ್ಸ್ ಪಡೆದು ಹೊಡೆಯುವ ದಾರಿ ಕಾಗದದ ಮೇಲಾದರೂ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಬೆಳೆ ಕಾಯಲು ಕೊಟ್ಟ ಕೋವಿ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. (ಚುನಾವಣೆ ಬಂದಾಗಲೆಲ್ಲ ಆ ಕೋವಿ ಠಾಣೆಗೆ ಹೋಗಿ ಕೂರುತ್ತದೆ, ಹಂದಿಗಳಿಗೆ ನೀತಿಸಂಹಿತೆ ಇಲ್ಲ.)

ಮರಸು ಕೂತು, ಹಳು ಸೋವಿ ಬೇಟೆಯಾಡುತ್ತಿದ್ದ ಕಾಲದಲ್ಲಿ ಪಾಲಿನ ಲೆಕ್ಕ ಕಟ್ಟುನಿಟ್ಟು: ಈಡು ಹೊಡೆದವನಿಗಿಷ್ಟು, ಹಳು ನುಗ್ಗಿದವರಿಗಿಷ್ಟು, ನಾಯಿಗೂ ಒಂದು ಪಾಲು. ಈಗ ಎಲ್ಲ ಪಾಲೂ ಸರ್ಕಾರದ್ದೇ. ಕಾಯ್ದೆಯ 39ನೇ ಕಲಂ ಪ್ರಕಾರ ಹೊಡೆದ ಪ್ರಾಣಿ ಮಾತ್ರವಲ್ಲ, ಸತ್ತು ಬಿದ್ದಿದ್ದೂ ಸರ್ಕಾರಿ ಸ್ವತ್ತು. ಕೈಗೆ ಸಿಕ್ಕ 48 ಗಂಟೆಯೊಳಗೆ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಮಾಂಸವೆಂದರೆ ಹಸಿಯದೂ ಹೌದು, ಬೇಯಿಸಿದ್ದೂ ಹೌದು. ಸಾರಿನ ಪಾತ್ರೆಗೂ ಬಿಡುಗಡೆಯಿಲ್ಲ. ಇನ್ನು ಕಾಯ್ದೆಯಲ್ಲಿರುವ ‘ವಾಹನ’ದ ಪಟ್ಟಿ ಓದಿದರೆ ನಗು ಬರುತ್ತದೆ: ಎತ್ತು, ಎಮ್ಮೆ, ಕತ್ತೆ, ಒಂಟೆ, ಕೊನೆಗೆ ಆನೆಯೂ ಉಂಟು. ಬರೆದವರಿಗೆ ಈ ದೇಶದ ಕಾಡುದಾರಿಗಳ ಪರಿಚಯ ಚೆನ್ನಾಗಿಯೇ ಇತ್ತು. ಬೇಟೆಗೆ ಬಳಸಿದ್ದೆಂದು ಹಿಡಿದ ಜೀಪು ಆ ಕ್ಷಣದಿಂದಲೇ ಸರ್ಕಾರದ್ದಾಗುತ್ತದೆಯೇ? ಇಲ್ಲ, ಅದನ್ನು ನ್ಯಾಯಾಲಯ ತೀರ್ಮಾನಿಸಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೆತ್ತೂರಿನಿಂದ ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ, ಮುಂದೆ ಸುಳ್ಯ, ಜಾಲ್ಸೂರು. ಅದನ್ನು ದಾಟಿದರೆ ಕೇರಳ. ಅಮೆರಿಕದಲ್ಲಾದರೆ ಇಂಥ ಗಡಿಯೇ ಬೇಟೆಗಾರನ ತಲೆನೋವು. ಅಕ್ರಮವಾಗಿ ಹೊಡೆದ ಪ್ರಾಣಿಯನ್ನು ರಾಜ್ಯ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಕೇಂದ್ರ ಸರ್ಕಾರವೇ ಹಿಡಿಯುತ್ತದೆ. ಸಕ್ರಮವಾಗಿ ಹೊಡೆದಿದ್ದರೂ ಹಲವು ರಾಜ್ಯಗಳು ಇಡೀ ಜಿಂಕೆಯನ್ನು ಒಳಗೆ ಬಿಡುವುದಿಲ್ಲ; 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ, ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಮಿದುಳಿನ ರೋಗದ ಭಯ. ಮಿದುಳು, ಬೆನ್ನುಮೂಳೆ ಬಿಟ್ಟು, ಮೂಳೆ ಬಿಡಿಸಿದ ಮಾಂಸವನ್ನಷ್ಟೇ ಒಯ್ಯಬೇಕು.

ನಮ್ಮಲ್ಲಿ ಆ ಗೊಡವೆಯೇ ಇಲ್ಲ. ಹೊಡೆದ ಕಡವೆಯ ಮಾಂಸ ಗಡಿಯವರೆಗೆ ಏಕೆ, ತೋಟದ ಗೇಟು ದಾಟುವುದಕ್ಕೂ ಕಾಗದ ಹುಟ್ಟುವುದಿಲ್ಲ. ಹೊತ್ತವನ ಜೊತೆಗೆ ಸಾಗಿಸಲು ಒಪ್ಪಿದವನೂ ಸಿಕ್ಕಿಬೀಳುತ್ತಾನೆ: ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇದೆಯೇ ಎಂದು ನೋಡಿಯೇ ಸಾಗಣೆಗೆ ತೆಗೆದುಕೊಳ್ಳಬೇಕು ಎನ್ನುತ್ತದೆ 48ಎ ಕಲಂ. ಬಸ್ಸಿಗೆ ಹಾಕಿದ ಗೋಣಿಚೀಲವೂ ಇದಕ್ಕೆ ಹೊರತಲ್ಲ.

ರಾಜ್ಯದ ಗೆರೆ ಎದುರಾಗುವುದು ಆ ಜಗುಲಿಯ ಕೊಂಬಿಗೆ. ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಅದನ್ನು ಮಾರುವಂತಿಲ್ಲ. ಕಾಸರಗೋಡಿಗೆ ಕೊಟ್ಟ ಮಗಳು ಅಜ್ಜನ ನೆನಪಿಗೆ ಬೇಕೆಂದು ಒಯ್ದರೆ, 43ನೇ ಕಲಂ ಪ್ರಕಾರ 30 ದಿನದೊಳಗೆ ಅಧಿಕಾರಿಗೆ ವರದಿ ಕೊಡಬೇಕು.

ಅದಕ್ಕೂ ಮೊದಲು ಪತ್ರ ಸಿಗಬೇಕಲ್ಲ. ಅಟ್ಟದ ಟ್ರಂಕಿನಲ್ಲಿ, ಕಾಫಿ ಬೋರ್ಡಿನ ಹಳೆ ಚೀಟಿಗಳ ಅಡಿಯಲ್ಲಿ ಹುಡುಕಿ ನೋಡಬೇಕು.